ಪಡುವಣ ಗೋಡೆಗೆ ಸ್ಟ್ಯಾಂಡಿಂಗ್ ಸೀಮ್ ಶೀಟು: ಗೋಡೆಗೆ ಒತ್ತಬೇಡಿ, ತೂಗುಹಾಕಿ

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರ, ಕಡಲಿನಿಂದ ಒಂದು ಕಿಲೋಮೀಟರ್ ಒಳಗೆ. ಕೆಂಪುಕಲ್ಲಿನ ಗೋಡೆ, ಎರಡು ಅಂತಸ್ತು, ಮೇಲೆ ತಾರಸಿ. ಪಡುವಣ ಗೋಡೆ 9 ಮೀಟರ್ ಅಗಲ, 6.5 ಮೀಟರ್ ಎತ್ತರ. ಸಜ್ಜಾ ಇರುವ ಎರಡು ಕಿಟಕಿ, ಒಂದು ಎಸಿ ಹೊರಘಟಕ ಇದೆ. ಪ್ರತಿ ಮಳೆಗಾಲದಲ್ಲೂ ಒಳಗೋಡೆ ಒದ್ದೆಯಾಗಿ ಬಣ್ಣ ಏಳುತ್ತದೆ. ವಾಟರ್‌ಪ್ರೂಫ್ ಪೇಂಟ್ ಹೊಡೆಸಿಯೂ ಆಯಿತು. ಅಲೆಅಲೆಯ ಶೀಟು ಚೆಂದ ಕಾಣುವುದಿಲ್ಲವೆಂದು ಸ್ಟ್ಯಾಂಡಿಂಗ್ ಸೀಮ್, ಅಂದರೆ ಪಕ್ಕಪಕ್ಕದ ಅಂಚುಗಳನ್ನು ಎದ್ದು ನಿಲ್ಲುವಂತೆ ಮಡಚಿ ಸೇರಿಸುವ ಲೋಹದ ಶೀಟು, ಹಾಕಿಸೋಣ ಅಂತಿದ್ದೇವೆ. ಫ್ಯಾಬ್ರಿಕೇಟರ್ ಒಬ್ಬರು ಗೋಡೆಗೇ ನೇರವಾಗಿ ಸ್ಕ್ರೂ ಹೊಡೆದು ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ಸರಿಯೇ? ಏನೇನು ಬೇಕು, ಎಷ್ಟು ಬೇಕು?

ಉತ್ತರ: ಗೋಡೆಗೇ ನೇರವಾಗಿ ಸ್ಕ್ರೂ ಹೊಡೆಯುವ ಮಾತಿಗೆ ಒಪ್ಪಬೇಡಿ. ಶೀಟು ಎಷ್ಟೇ ಚೆನ್ನಾಗಿ ಮಡಚಿದ್ದರೂ ಗಾಳಿಮಳೆಯಲ್ಲಿ ಸ್ವಲ್ಪ ನೀರು ಅದರ ಹಿಂದಕ್ಕೆ ಹೋಗಿಯೇ ಹೋಗುತ್ತದೆ. ಬಿಸಿಲು ಇಳಿದ ಮೇಲೆ ತಣ್ಣಗಾದ ಲೋಹದ ಒಳಮೈಯಲ್ಲಿ ಬೆವರಿನಂತೆ ತೇವವೂ ಕೂರುತ್ತದೆ. ಶೀಟು ಗೋಡೆಗೆ ಒತ್ತಿಕೊಂಡಿದ್ದರೆ ಆ ನೀರಿಗೆ ಇಳಿಯಲು ದಾರಿಯಿಲ್ಲ, ಒಣಗಲು ಗಾಳಿಯಿಲ್ಲ. ಕೆಂಪುಕಲ್ಲು ಅದನ್ನು ಹೀರಿ ಒಳಗೆ ಕಳಿಸುತ್ತದೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಪಡುಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ಗೋಡೆಯಿಂದ ಒಂದಿಷ್ಟು ದೂರ ನಿಂತೇ ಕೆಲಸ ಮಾಡುತ್ತಿತ್ತು: ಹೊಡೆತ ತಟ್ಟಿಗೆ, ಗಾಳಿ ಗೋಡೆಗೆ. ಲೋಹದ ಹೊದಿಕೆಗೂ ನಿಯಮ ಅದೇ. ಶೀಟು ಹಿಂದಿನ ಚೌಕಟ್ಟಿನಿಂದ ತೂಗಬೇಕು. ನಿಮ್ಮ ಖರ್ಚಿನ ಮತ್ತು ಗಮನದ ದೊಡ್ಡ ಪಾಲು ಆ ಚೌಕಟ್ಟಿಗೆ, ಕಿಟಕಿಯ ಸುತ್ತಲಿನ ಫ್ಲ್ಯಾಶಿಂಗ್‌ಗೆ (ಸಂದಿಗೆ ನೀರು ಇಳಿಯದಂತೆ ಮಡಚಿ ಕೂರಿಸುವ ತಗಡು) ಹೋಗಲಿ. ಶೀಟು ಕೂರಿಸುವುದು ಎಲ್ಲಕ್ಕಿಂತ ಸುಲಭದ ಕೆಲಸ.

ಅದಕ್ಕೂ ಮುಂಚೆ ಒದ್ದೆ ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ. ಪಡುಗಾಳಿಯ ಮಳೆ ಹೊಡೆದ ದಿನ ಮಾತ್ರ ಹೆಚ್ಚಾಗಿ, ಗೋಡೆಯ ನಡುಭಾಗದಲ್ಲೂ ಕಾಣಿಸಿದರೆ ಅದು ಹೊರಗಿನ ಮಳೆಯೇ. ಹೊದಿಕೆ ಕೆಲಸ ಮಾಡುತ್ತದೆ. ನೆಲದಿಂದ ಒಂದು ಮೀಟರ್ ಒಳಗಷ್ಟೇ ಇದ್ದರೆ ಪಾಯದಿಂದ ಏರುವ ತೇವ ಇರಬಹುದು. ಚಾವಣಿಗೆ ತಾಗಿದಂತೆ ಇದ್ದರೆ ತಾರಸಿಯ ಮೂಲೆ, ಪ್ಯಾರಾಪೆಟ್ಟಿನ ಬುಡ, ನೀರು ಇಳಿಯುವ ಕೊಳವೆಯ ಬಾಯಿ ನೋಡಿ. ಈ ಎರಡು ರೋಗಕ್ಕೂ ಶೀಟು ಮದ್ದಲ್ಲ, ಮುಚ್ಚಿಡುತ್ತದೆ ಅಷ್ಟೆ.

ಲೋಹದ ಆಯ್ಕೆಯಲ್ಲಿ ನಿಮಗೆ ಹೆಚ್ಚು ಗೊಂದಲ ಬೇಡ. ಕಡಲಿಗೆ ಇಷ್ಟು ಹತ್ತಿರ ಇರುವಾಗ ಬಣ್ಣ ಹಾಕಿದ ಅಲ್ಯೂಮಿನಿಯಂ ತೆಗೆದುಕೊಳ್ಳಿ: 0.9 ಮಿ.ಮೀ. ದಪ್ಪ, ಮೇಲೆ ಬಿಸಿಲುಮಳೆ ತಾಳುವ ಪಿವಿಡಿಎಫ್ ಬಣ್ಣದ ಲೇಪ. ಗ್ಯಾಲ್ವಲ್ಯೂಮ್ ಉಕ್ಕು, ಅಂದರೆ 55% ಅಲ್ಯೂಮಿನಿಯಂ ಮತ್ತು ಉಳಿದದ್ದು ಬಹುತೇಕ ಸತುವಿನ ಲೇಪ ಇರುವ ಶೀಟು, ಬೆಂಗಳೂರು, ಹುಬ್ಬಳ್ಳಿಯಂಥ ಒಳನಾಡಿಗೆ ಚೆನ್ನಾಗಿ ಒಗ್ಗುತ್ತದೆ, ಅಗ್ಗವೂ ಹೌದು. ಆದರೆ ಉಪ್ಪುಗಾಳಿಯಲ್ಲಿ ಕತ್ತರಿಸಿದ ಅಂಚಿನಿಂದ ತುಕ್ಕು ಹಿಡಿಯುತ್ತದೆ. ಕಡಲಿಗೆ ಹತ್ತಿರದ ಕಟ್ಟಡಗಳಿಗೆ ಅನೇಕ ತಯಾರಕರು ವಾರಂಟಿ ಕೊಡುವುದೂ ಇಲ್ಲ. ತಾಮ್ರ, ಸತು ಎರಡೂ ಒಳ್ಳೆಯವೇ, ನಿಮ್ಮ ಉದ್ದೇಶಕ್ಕೆ ಆ ಖರ್ಚು ಬೇಕಿಲ್ಲ.

ಅಗಲದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. 1220 ಮಿ.ಮೀ. ಅಗಲದ ಕಾಯಿಲನ್ನು (ಶೀಟಿನ ಸುರುಳಿ) ಮೂರು ಪಾಲು ಸೀಳಿದರೆ 406 ಮಿ.ಮೀ. ಪಟ್ಟಿ ಸಿಗುತ್ತದೆ. 25 ಮಿ.ಮೀ. ಎತ್ತರದ ಸೀಮಿಗೆ ಎರಡೂ ಬದಿ ಸೇರಿ ಸುಮಾರು 70 ಮಿ.ಮೀ. ಹೋಗಿ, ಗೋಡೆ ಮೇಲೆ 335 ಮಿ.ಮೀ. ಕಾಣುತ್ತದೆ. ಎರಡು ಪಾಲು ಮಾಡಿದರೆ 540 ಮಿ.ಮೀ. ಸಿಗುತ್ತದೆ, ಸೀಮು ಕಡಿಮೆ, ಶೀಟನ್ನು ಚೌಕಟ್ಟಿಗೆ ಹಿಡಿಯುವ ಕ್ಲಿಪ್ಪೂ ಕಡಿಮೆ ಎಂದು ಫ್ಯಾಬ್ರಿಕೇಟರ್ ಹೇಳಬಹುದು. ಅಗಲ ಹೆಚ್ಚಾದಷ್ಟೂ ಶೀಟಿನ ನಡುಭಾಗ ಉಬ್ಬುತಗ್ಗಾಗಿ, ಸಂಜೆಯ ಓರೆ ಬಿಸಿಲಿಗೆ ಅಲೆಯಂತೆ ಕಾಣುತ್ತದೆ. ಪಡುವಣ ಗೋಡೆಯಲ್ಲಿ ಈ ದೋಷ ದಿನಾ ಸಂಜೆ ಕಣ್ಣಿಗೆ ಹೊಡೆಯುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ. ಕಡಿಮೆ ಅಗಲ, ಹೆಚ್ಚು ದಪ್ಪ, ಹೊಳಪಿಲ್ಲದ ತಿಳಿಬಣ್ಣ: ಈ ಮೂರೂ ಸೇರಿದರೆ ಉಬ್ಬು ಬಹುಮಟ್ಟಿಗೆ ಮರೆಯಾಗುತ್ತದೆ. ತಿಳಿಬಣ್ಣ ಕಾಯುವುದೂ ಕಡಿಮೆ.

ಸೀಮಿನಲ್ಲಿ ಮೂರು ಬಗೆ ಸಿಗುತ್ತವೆ. ಒತ್ತಿದರೆ ಕಚ್ಚಿಕೊಳ್ಳುವ ಸ್ನ್ಯಾಪ್ ಲಾಕ್, ಒಂದು ಮಡಿಕೆಯ ಕೋನ ಸೀಮ್, ಎರಡು ಮಡಿಕೆಯ ಡಬಲ್ ಲಾಕ್. ಡಬಲ್ ಲಾಕ್ ಇಳಿಜಾರು ಕಡಿಮೆಯಿರುವ ಮಾಡಿಗೆ, ಗೋಡೆಗೆ ಅನಗತ್ಯ. ಸ್ನ್ಯಾಪ್ ಲಾಕ್ ಬೇಗ ಮುಗಿಯುತ್ತದೆ, ಆದರೆ ಕಿಟಕಿ ಬದಿಗೆ ಶೀಟನ್ನು ಉದ್ದಕ್ಕೆ ಸೀಳಿದಾಗ ಕಚ್ಚುವ ಅಂಚೇ ಹೋಗಿಬಿಡುತ್ತದೆ. ನನ್ನ ಮತ ಕೋನ ಸೀಮಿಗೆ. ಕೈಯ ಸೀಮಿಂಗ್ ಇಕ್ಕಳದಲ್ಲೇ ಮಡಚಬಹುದು, ಮುಂದೆ ಒಂದು ಶೀಟು ಜಜ್ಜಿಹೋದರೆ ಅದೇ ಮಡಿಕೆ ಬಿಡಿಸಿ ಬದಲಿಸಲೂ ಬರುತ್ತದೆ.

ಈಗ ಚೌಕಟ್ಟು. ಸೀಮು ಮೇಲಿಂದ ಕೆಳಕ್ಕೆ ಓಡುವುದರಿಂದ ಕ್ಲಿಪ್ ಕೂರುವ ಪಟ್ಟಿ ಅಡ್ಡಕ್ಕೆ ಇರಬೇಕು. ಅಡ್ಡಪಟ್ಟಿಯನ್ನೇ ನೇರವಾಗಿ ಗೋಡೆಗೆ ಬಡಿದರೆ ಹಿಂದೆ ಇಳಿಯುವ ನೀರು ಒಂದೊಂದು ಪಟ್ಟಿಯ ಮೇಲೂ ನಿಲ್ಲುತ್ತದೆ, ಮೇಲೇರುವ ಗಾಳಿಯೂ ತಡೆಯುತ್ತದೆ. ಆದ್ದರಿಂದ ಎರಡು ಪದರ ಬೇಕು. ಮೊದಲು ಗೋಡೆಗೆ ಎಲ್ ಬ್ರಾಕೆಟ್, ಅದಕ್ಕೆ ನೆಟ್ಟನೆಯ ಅಲ್ಯೂಮಿನಿಯಂ ಕಂಬಿ, ಕಂಬಿಯ ಮೇಲೆ ಅಡ್ಡಕ್ಕೆ ಟಾಪ್ ಹ್ಯಾಟ್ (ಟೋಪಿಯಾಕಾರದ ಪಟ್ಟಿ), ಅದರ ಮೇಲೆ ಶೀಟು. ಕಂಬಿಯ ಹಿಂದೆ ಕನಿಷ್ಠ 20 ಮಿ.ಮೀ., ಆದರೆ 40 ಮಿ.ಮೀ. ಬಿಟ್ಟರೆ ಒಳ್ಳೆಯದು. ಎಲ್ಲ ಸೇರಿ ಶೀಟಿನ ಮುಖ ಗೋಡೆಯಿಂದ ಸುಮಾರು 80 ಮಿ.ಮೀ. ಮುಂದೆ ಬರುತ್ತದೆ, ಸಜ್ಜಾದ ಚಾಚು ಅಷ್ಟು ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ.

ಬ್ರಾಕೆಟ್ಟಿನ ಹಿಡಿತವೇ ಇಡೀ ಕೆಲಸದ ಜೀವ. ಗಾಳಿಹೊರೆಯ ಭಾರತೀಯ ಮಾನಕ ಐಎಸ್ 875, ಮೂರನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟಿರುವ ಗಾಳಿಯ ಮೂಲವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33. 39ರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ 913 ನ್ಯೂಟನ್, ಅಂದರೆ 93 ಕೆಜಿ ತೂಕದಷ್ಟು. ಕಟ್ಟಡದ ಮೂಲೆಗಳಲ್ಲಿ ಗಾಳಿ ತಳ್ಳುವುದಕ್ಕಿಂತ ಹೊರಕ್ಕೆ ಸೆಳೆಯುವುದೇ ಹೆಚ್ಚು. ಅಲ್ಲಿಗೆ 1,300 ನ್ಯೂಟನ್ ಹಿಡಿಯಿರಿ. ಬ್ರಾಕೆಟ್ಟುಗಳನ್ನು ಎರಡೂ ದಿಕ್ಕಿಗೆ 900 ಮಿ.ಮೀ. ಅಂತರದಲ್ಲಿಟ್ಟರೆ ಒಂದೊಂದಕ್ಕೂ ಮೂಲೆಯಲ್ಲಿ 100 ಕೆಜಿ ಮೀರಿದ ಸೆಳೆತ ಬೀಳುತ್ತದೆ. ಇದು ಮಾಮೂಲಿ ಎರಡಂತಸ್ತಿನ ಮನೆಯ ಅಂದಾಜು. ಗುಡ್ಡದ ತುದಿಯಲ್ಲೋ ಬಯಲಲ್ಲೋ ಮನೆಯಿದ್ದರೆ ಎಂಜಿನಿಯರ್ ಕೈಯಲ್ಲಿ ಲೆಕ್ಕ ಹಾಕಿಸಿ.

ಕೆಂಪುಕಲ್ಲು ಇಲ್ಲಿ ಕೈಕೊಡುತ್ತದೆ. ಬಿಗಿದಾಗ ಹಿಗ್ಗುವ ಉಕ್ಕಿನ ಆಂಕರ್ ಬೋಲ್ಟ್ ಹಾಕಿದರೆ ಕಲ್ಲು ಒಳಗೇ ಪುಡಿಯಾಗಿ, ಮೊದಲ ದಿನ ಬಿಗಿಯಾಗಿದ್ದದ್ದು ಮರುವರ್ಷ ಸಡಿಲ. ಸ್ಲ್ಯಾಬ್, ಲಿಂಟಲ್, ಕಾಲಂ ಸಿಕ್ಕಿದ ಕಡೆಗಳಲ್ಲೆಲ್ಲ ಕಾಂಕ್ರೀಟಿಗೇ ಆಂಕರ್ ಹಾಕಿ. ಉಳಿದ ಕಡೆ 10 ಮಿ.ಮೀ. ದಪ್ಪದ ಉದ್ದನೆಯ ನೈಲಾನ್ ಫ್ರೇಮ್ ಪ್ಲಗ್ ಎರಡೆರಡು, ಅಥವಾ ಜಾಲರಿ ತೋಳಿನೊಂದಿಗೆ ಕೆಮಿಕಲ್ ಆಂಕರ್ (ಅಂಟು ತುಂಬಿ ಕೂರಿಸುವ ಬೋಲ್ಟು). ಸಾರಣೆಯ ದಪ್ಪ ಲೆಕ್ಕಕ್ಕಿಲ್ಲ. ಕಲ್ಲಿನೊಳಗೇ 70 ಮಿ.ಮೀ. ಇಳಿದಿರಬೇಕು, ಎರಡು ಕಲ್ಲಿನ ನಡುವಿನ ಗಾರೆಗೆ ಹೊಡೆಯಬಾರದು. ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಗುಂಡಿ ಬಂದ್ ಮಾಡಿ, ಬರೀ ತಿರುಗಿಸಿ ಕೊರೆಯಬೇಕು, ಪುಡಿಯನ್ನು ಊದಿ ತೆಗೆಯಬೇಕು. ಕೆಲಸ ಶುರುವಾಗುವ ಮೊದಲು ಗೋಡೆಯ ಬೇರೆ ಬೇರೆ ಕಡೆ ನಾಲ್ಕೈದು ಆಂಕರ್ ಹಾಕಿಸಿ, ಎಳೆದು ನೋಡುವ ಪರೀಕ್ಷೆ ಮಾಡಿಸಿ. ಬ್ರಾಕೆಟ್ಟಿಗೆ 200 ಕೆಜಿ ತಡೆಯದಿದ್ದರೆ ಅಂತರ ಕಡಿಮೆ ಮಾಡಿ. ಬ್ರಾಕೆಟ್ ಮತ್ತು ಗೋಡೆಯ ನಡುವೆ ನೈಲಾನ್ ಅಥವಾ ಇಪಿಡಿಎಂ ರಬ್ಬರಿನ ಬಿಲ್ಲೆ ಇರಲೇಬೇಕು. ಒದ್ದೆ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಬ್ರಾಕೆಟ್ ಹಾಕುವ ಮುಂಚೆ ಗೋಡೆ ಸಿದ್ಧವಾಗಬೇಕು. ಬಿರುಕುಗಳನ್ನು ಸೀಳಿ ತುಂಬಿಸಿ, ಪೊಳ್ಳು ಸಾರಣೆ ಕಿತ್ತು ಹೊಸದಾಗಿ ಮಾಡಿಸಿ. ಮೇಲೆ ಮತ್ತೆ ದಪ್ಪ ವಾಟರ್‌ಪ್ರೂಫ್ ಪೇಂಟ್ ಬಳಿಯಬೇಡಿ; ಗೋಡೆಯೊಳಗೆ ಕೂತಿರುವ ನೀರು ಹೊರಬರುವ ಮುಖ್ಯ ದಾರಿ ಗೋಡೆಯ ಹೊರಮೈಯೇ. ನೀರು ಹತ್ತಿಸದ, ಆದರೆ ಆವಿ ಬಿಡುವ ಸಿಲೇನ್-ಸಿಲೋಕ್ಸೇನ್ ದ್ರವ ಸಾಕು. ಅದು ಬರೀ ಸಾರಣೆಗಷ್ಟೇ ಇಳಿಯುತ್ತದೆ, ಹಾಗಾಗಿ ಹಳೇ ಪೇಂಟನ್ನು ಕೆರೆಸಲೇಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು, ತೂಗುಗುಂಡು ಇಳಿಬಿಟ್ಟು, ಗೋಡೆ ಎಲ್ಲಿ ಎಷ್ಟು ಹೊರಬಂದಿದೆ ಎಂದು ಗುರುತು ಮಾಡಿ. ಕೆಂಪುಕಲ್ಲಿನ ಹಳೇ ಗೋಡೆಯಲ್ಲಿ 20–25 ಮಿ.ಮೀ. ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಬ್ರಾಕೆಟ್ಟಿನ ಉದ್ದ ತೂತಿನಲ್ಲಿ ಕಂಬಿಯನ್ನು ಹಿಂದುಮುಂದು ಮಾಡಿ ಅಷ್ಟನ್ನೂ ತಿದ್ದಿಕೊಳ್ಳಬೇಕು. ಟಾಪ್ ಹ್ಯಾಟ್ ಕೂತ ಮೇಲೆ 2 ಮೀಟರ್ ಪಟ್ಟಿ ಇಟ್ಟು ನೋಡಿದರೆ ಕೆಳಗೆ 3 ಮಿ.ಮೀ. ಮೀರಿ ಸಂದು ಕಾಣಬಾರದು. ಚೌಕಟ್ಟಿನ ವಕ್ರ ಶೀಟಿನಲ್ಲಿ ಹಾಗೇ ಎದ್ದು ಬರುತ್ತದೆ.

ಉದ್ದದ ಬಗ್ಗೆ. ಅಲ್ಯೂಮಿನಿಯಂ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.024 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧ. ಬೆಳಗಿನ ಜಾವಕ್ಕೂ ಮಧ್ಯಾಹ್ನ ಮೂರರ ಬಿಸಿಲಿಗೂ ಲೋಹದ ಬಿಸಿ 50 ಡಿಗ್ರಿ ಬದಲಾದರೆ 6.5 ಮೀಟರಿನ ಒಂದೇ ಶೀಟು ಸುಮಾರು 8 ಮಿ.ಮೀ. ಓಡಾಡುತ್ತದೆ. ಒಂದೇ ಉದ್ದಕ್ಕೆ ಹಾಕಲು ಬರುತ್ತದೆ, ಆದರೆ ನಿಮ್ಮಲ್ಲಿ ಕಿಟಕಿ, ಸಜ್ಜಾ ಇರುವುದರಿಂದ ಪಕ್ಕದ ತುಂಡು ಶೀಟುಗಳ ಜೊತೆ ಉದ್ದ ಶೀಟು ಜಗ್ಗಾಡುತ್ತದೆ. ಮೊದಲ ಮಹಡಿಯ ಸ್ಲ್ಯಾಬಿನ ಮಟ್ಟದಲ್ಲಿ ಅಡ್ಡಕ್ಕೆ ಒಂದು ಝಡ್ ಫ್ಲ್ಯಾಶಿಂಗ್ ಕೊಟ್ಟು ಮೇಲೊಂದು, ಕೆಳಗೊಂದು ಅಂತ 3.25 ಮೀಟರಿನ ಎರಡು ಸಾಲು ಮಾಡಿ. ಓಡಾಟ 4 ಮಿ.ಮೀ.ಗೆ ಇಳಿಯುತ್ತದೆ, ಇಬ್ಬರೇ ಸಾರುವೆ ಮೇಲೆ ಶೀಟು ಹಿಡಿಯಬಹುದು, ಗಾಳಿಗೆ ಬಾಗಿ ನಿರಿಗೆ ಬೀಳುವುದೂ ತಪ್ಪುತ್ತದೆ. ಪ್ರತಿ ಶೀಟಿನ ಮೇಲಿನ ಒಂದು ಮೀಟರಿಗೆ ಫಿಕ್ಸೆಡ್ ಕ್ಲಿಪ್, ಉಳಿದ ಕಡೆ ಜಾರುವ ಕ್ಲಿಪ್. ಮೇಲೆ ಕಟ್ಟಿ, ಕೆಳಕ್ಕೆ ಹಿಗ್ಗಲು ಬಿಡುವುದು. ಪಕ್ಕಪಕ್ಕದ ಶೀಟುಗಳಲ್ಲಿ ಈ ಕಟ್ಟಿದ ಜಾಗ ಒಂದೇ ಮಟ್ಟದಲ್ಲಿ ಇರಲಿ. ಕಿಟಕಿ ಕೆಳಗಿನ ಗಿಡ್ಡ ತುಂಡುಗಳಿಗೆ ಮೇಲ್ತುದಿಯಲ್ಲಿ ಒಂದು ಜೊತೆ ಫಿಕ್ಸೆಡ್ ಕ್ಲಿಪ್ ಸಾಕು.

ನಿಮ್ಮ ಗೋಡೆಯ ಲೆಕ್ಕ ಹೀಗೆ. 26 ಪೂರ್ತಿ ಶೀಟು ಸೇರಿ 8,710 ಮಿ.ಮೀ.; ಉಳಿದ 290 ಮಿ.ಮೀ. ಅನ್ನು ಎರಡೂ ಮೂಲೆಗೆ 145ರಂತೆ ಹಂಚಿ, ಆ ತುಂಡುಗಳನ್ನು ಮೂಲೆ ಸುತ್ತಿ ಪಕ್ಕದ ಗೋಡೆಗೆ ಮಡಚಿಬಿಡಿ. ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಯಲ್ಲಿ ಉಳಿದಷ್ಟು ಅಂತ ಬಿಟ್ಟರೆ ಕೊನೆಯಲ್ಲೊಂದು ಇಣುಕುಪಟ್ಟಿ ಉಳಿದು ಗೋಡೆಯೇ ಸೊಟ್ಟ ಎನಿಸುತ್ತದೆ. ಮಡಿಕೆಗಳೂ ಸೇರಿ ಒಟ್ಟು 188 ಮೀಟರ್ ಉದ್ದದ 406 ಮಿ.ಮೀ. ಪಟ್ಟಿ, ಹಾಳಾಗುವುದೂ ಸೇರಿ ಸುಮಾರು 200 ಕೆಜಿ. ಕಿಟಕಿಯ ಜಾಗ ಕಳೆಯಬೇಡಿ, ಅಲ್ಲಿ ಉಳಿದದ್ದು ತುಂಡುಗಳಿಗೇ ಹೋಗುತ್ತದೆ. ಫ್ಲ್ಯಾಶಿಂಗಿಗೆ ಅದೇ ಬಣ್ಣದ ಸಪಾಟು ಶೀಟು ಇನ್ನೊಂದು 45 ಕೆಜಿ. ಟಾಪ್ ಹ್ಯಾಟ್ 500 ಮಿ.ಮೀ.ಗೊಂದರಂತೆ, ಎರಡೂ ಮೂಲೆಯ ಒಂದೊಂದು ಮೀಟರಿನಲ್ಲಿ 300ಕ್ಕೊಂದರಂತೆ, ಸುಮಾರು 180 ಮೀಟರ್. ನೆಟ್ಟನೆಯ ಕಂಬಿ ಕಿಟಕಿ ಬದಿಯದೂ ಸೇರಿ 85 ಮೀಟರ್, ಬ್ರಾಕೆಟ್ 120. ಸ್ಟೇನ್‌ಲೆಸ್ ಕ್ಲಿಪ್ 520, ಒಂದೊಂದಕ್ಕೆ ಎರಡರಂತೆ ಸ್ಕ್ರೂ 1,050. ಸ್ಕ್ರೂ 316 ದರ್ಜೆಯದ್ದೇ ಆಗಲಿ. 304 ಅಲ್ಲಿ ಕಂದು ಕಲೆ ಬರುತ್ತದೆ, ಜಿಐ ಸ್ಕ್ರೂ ಅಂತೂ ಅಲ್ಯೂಮಿನಿಯಂ ನಡುವೆ ಬೇಗ ಕರಗಿಹೋಗುತ್ತದೆ. ರಿವೆಟ್ಟಿನ ಮೈ ಅಲ್ಯೂಮಿನಿಯಂ ಇದ್ದರೂ ಒಳಗಿನ ಕಡ್ಡಿ ಸಾದಾ ಉಕ್ಕಿನದಾದರೆ, ತುಂಡಾಗಿ ಉಳಿದ ಆ ಚೂರಿನಿಂದಲೇ ತುಕ್ಕಿನ ಗೆರೆ ಇಳಿಯುತ್ತದೆ. ಕೊಳ್ಳುವಾಗ ಕಡ್ಡಿಗೆ ಅಯಸ್ಕಾಂತ ಹಿಡಿದು ನೋಡಿ.

ಶೀಟು ಕೂರಿಸುವ ಕ್ರಮ: ಮೊದಲು ಬುಡದಲ್ಲಿ ಸ್ಟಾರ್ಟರ್ ಪಟ್ಟಿ, ನೆಲದಿಂದ 250–300 ಮಿ.ಮೀ. ಮೇಲೆ, ರಸಮಟ್ಟಕ್ಕೆ ಸರಿಯಾಗಿ. ಅದಕ್ಕಿಂತ ಕೆಳಗಿಳಿಸಿದರೆ ಮಳೆನೀರು, ಅಂಗಳದ ಕೆಮ್ಮಣ್ಣು ಸಿಡಿದು ಕೆಳಭಾಗ ಶಾಶ್ವತವಾಗಿ ಕೆಂಪು. ಅದರ ಹಿಂದೆ ತೂತುತೂತಿನ ಪಟ್ಟಿ ಕೊಡಿ. ಗಾಳಿ ಬರಬೇಕು, ಕಣಜ, ಇಲಿ ಬರಬಾರದು. ಶೀಟಿನ ಕೆಳಅಂಚನ್ನು 25–30 ಮಿ.ಮೀ. ಹಿಂದಕ್ಕೆ ಮಡಚಿ ಸ್ಟಾರ್ಟರಿಗೆ ಕೊಕ್ಕೆಯಂತೆ ಸಿಕ್ಕಿಸಬೇಕು, ಆದರೆ ಪೂರ್ತಿ ಮೇಲಕ್ಕೆಳೆದು ಕಚ್ಚಿಸಬಾರದು. ಹಿಗ್ಗಲು 6–8 ಮಿ.ಮೀ. ಜಾಗ ಉಳಿಸಿ. ನಿಮ್ಮಲ್ಲಿ ಮಳೆ ನೈಋತ್ಯದಿಂದ ಓರೆಯಾಗಿ ಹೊಡೆಯುವುದರಿಂದ ಉತ್ತರದ ಮೂಲೆಯಿಂದ ಶುರುಮಾಡಿ ದಕ್ಷಿಣಕ್ಕೆ ಬನ್ನಿ. ಆಗ ದಕ್ಷಿಣದ ಶೀಟಿನ ಅಂಚು ಉತ್ತರದ್ದರ ಮೇಲೆ ಕವಿದು, ಮಡಿಕೆಯ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ. ಪ್ರತಿ ನಾಲ್ಕು ಶೀಟಿಗೊಮ್ಮೆ ತೂಗುಗುಂಡು ಹಿಡಿದು ಸೀಮು ನೆಟ್ಟಗಿದೆಯೇ, ಮೇಲೂ ಕೆಳಗೂ ಅಗಲ ಒಂದೇ ಇದೆಯೇ ಅಳೆಯಿರಿ. ಕ್ಲಿಪ್ಪಿನ ಸ್ಕ್ರೂ ತಾಗುವಷ್ಟು ಬಿಗಿದರೆ ಸಾಕು. ಅತಿಯಾಗಿ ಬಿಗಿದರೆ ಕ್ಲಿಪ್ ಓರೆಯಾಗಿ ಶೀಟಿನ ಮೇಲೆ ಅಲ್ಲೇ ಉಬ್ಬು ಮೂಡುತ್ತದೆ. ಶೀಟಿನ ಹಿಂದೆ ಅಚ್ಚಾಗಿರುವ ಬಾಣದ ಗುರುತು ಎಲ್ಲ ಶೀಟಿನಲ್ಲೂ ಒಂದೇ ಕಡೆಗಿರಲಿ, ಮೆಟಾಲಿಕ್ ಬಣ್ಣವಾದರೆ ತಲೆಕೆಳಗಾದ ಶೀಟು ಬೇರೆ ಛಾಯೆ ಕಾಣುತ್ತದೆ.

ಶೀಟಿನ ರಕ್ಷಣೆಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಸೀಮು ಮಡಚುವ ಮುಂಚೆಯೇ ಸುಲಿಯಬೇಕು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಸುಲಿಯೋಣ ಎಂದು ಬಿಟ್ಟರೆ ಬಿಸಿಲಿಗೆ ಅಂಟು ಬೆಂದು ಕೂರುತ್ತದೆ, ಸೀಮಿನೊಳಗೆ ಸಿಕ್ಕಿದ್ದು ಹರಿದು ವರ್ಷಗಟ್ಟಲೆ ಗಾಳಿಗೆ ಪಟಪಟ ಅನ್ನುತ್ತದೆ. ಇನ್ನು ಗ್ರೈಂಡರ್. ಶೀಟನ್ನು ತಗಡು ಕತ್ತರಿಯಲ್ಲೋ ನಿಬ್ಲರಿನಲ್ಲೋ (ತಗಡನ್ನು ಚೂರುಚೂರೇ ಕಚ್ಚಿ ಕತ್ತರಿಸುವ ಯಂತ್ರ) ಕತ್ತರಿಸಬೇಕು. ಗ್ರೈಂಡರ್ ಹಿಡಿದರೆ ಅಂಚಿನ ಬಣ್ಣ ಸುಡುತ್ತದೆ. ಪಕ್ಕದಲ್ಲಿ ಕಬ್ಬಿಣ ಕತ್ತರಿಸಿದರೂ ಕಿಡಿ ಹಾರಿ ಬಣ್ಣದಲ್ಲಿ ಹೂತು, ಮೊದಲ ಮಳೆ ಕಳೆಯುವಷ್ಟರಲ್ಲಿ ಸಾಸಿವೆಕಾಳಿನಷ್ಟು ಕಂದು ಚುಕ್ಕೆಗಳು. ಸಾರುವೆ ಮೇಲೆ ಗ್ರೈಂಡರ್ ಹತ್ತಕೂಡದೆಂದು ಮೊದಲೇ ಹೇಳಿಬಿಡಿ. ಸಾರುವೆಯೂ ಎರಡು ಸಾಲು ಕಂಬದ, ತಾನೇ ನಿಲ್ಲುವಂಥದ್ದಾಗಿರಲಿ, ಬೇಕಾದಲ್ಲಿ ಕಿಟಕಿಯೊಳಗಿಂದ ಕಟ್ಟಲಿ. ಅಡ್ಡಗಳುವನ್ನು ಗೋಡೆಗೆ ತೂರಿಸಿದರೆ ಆ ಜಾಗದ ಶೀಟು ಕೊನೆಗೆ ತೇಪೆಯಾಗುತ್ತದೆ.

ಸೋರುವುದು ಬಹುಪಾಲು ಕಿಟಕಿಯಲ್ಲೇ. ಸಿಲ್, ಅಂದರೆ ಕಿಟಕಿಯ ಕೆಳಗಂಚಿನ ಫ್ಲ್ಯಾಶಿಂಗ್ 100 ಮಿ.ಮೀ.ಗೆ ಕನಿಷ್ಠ 9 ಮಿ.ಮೀ. ಹೊರಕ್ಕೆ ಇಳಿಜಾರಾಗಿರಲಿ, ಶೀಟಿನ ಮುಖದಿಂದ 30 ಮಿ.ಮೀ. ಚಾಚಿ ತೊಟ್ಟಿಕ್ಕುವ ಮಡಿಕೆ ಇರಲಿ. ಎರಡೂ ತುದಿ 25 ಮಿ.ಮೀ. ಮೇಲಕ್ಕೆ ಮಡಚಿರಬೇಕು. ಈ ತುದಿಮಡಿಕೆಯೊಂದನ್ನು ಬಿಟ್ಟು ಸಿಲಿಕೋನ್ ತುಂಬಿ ಕೈತೊಳೆದುಕೊಳ್ಳುವುದು ತೀರಾ ಸಾಮಾನ್ಯ; ಎರಡು ಮೂರು ಬೇಸಿಗೆಗೆ ಸಿಲಿಕೋನ್ ಬಿಟ್ಟುಕೊಂಡು ಸಿಲ್ಲಿನ ನೀರೆಲ್ಲ ಪಕ್ಕದಿಂದ ಗೋಡೆಗೆ ಇಳಿಯುತ್ತದೆ. ಕಿಟಕಿ ಚೌಕಟ್ಟು ಮತ್ತು ಗೋಡೆಯ ಸಂದಿಗೆ ಮೊದಲು ಬ್ಯೂಟೈಲ್ ರಬ್ಬರಿನ ಅಂಟುಟೇಪು: ಕೆಳಗಿನದು, ಆಮೇಲೆ ಬದಿಯದು, ಕೊನೆಗೆ ಮೇಲಿನದು, ಮೇಲಿನದು ಕೆಳಗಿನದರ ಮೇಲೆ ಬರುವಂತೆ. ಸೀಲಂಟ್ ಬೇಕಾದ ಕಡೆ ನ್ಯೂಟ್ರಲ್ ಸಿಲಿಕೋನ್ ಮಾತ್ರ. ವಿನೆಗರ್ ವಾಸನೆ ಹೊಡೆಯುವುದು ಆಮ್ಲದ್ದು, ಲೋಹಕ್ಕೆ ಆಗದು.

ಸಜ್ಜಾ ಇರುವಲ್ಲಿ ಶೀಟನ್ನು ಕೊರೆದು ಸುತ್ತಲೂ ಸೀಲಂಟ್ ಮೆತ್ತುವುದು ಬೇಡ. ಮೇಲಿನ ಶೀಟು ಸಜ್ಜಾದಿಂದ 50 ಮಿ.ಮೀ. ಮೇಲೆ ನಿಲ್ಲಲಿ. ಅದರ ಹಿಂದೆ 150 ಮಿ.ಮೀ. ಏರಿ, ಸಜ್ಜಾದ ಮೇಲೆ ಹೊರಕ್ಕೆ ಹರಡುವ ಫ್ಲ್ಯಾಶಿಂಗ್ ಬರಲಿ, ಅದರ ತುದಿಗಳೂ ಮೇಲಕ್ಕೆ ಮಡಚಿರಲಿ. ಸಜ್ಜಾದ ಕೆಳಗಿನ ಶೀಟು 20 ಮಿ.ಮೀ. ಬಿಟ್ಟು ಶುರುವಾದರೆ ಗಾಳಿಗೂ ದಾರಿಯಾಯಿತು. ಸಜ್ಜಾದ ಮೇಲೆ ನೀರು ನಿಲ್ಲುತ್ತಿದ್ದರೆ ಈಗಲೇ ಗಾರೆ ಹಾಕಿ ಇಳಿಜಾರು ಮಾಡಿಸಿ.

ಎಸಿಯನ್ನು ಮೊದಲೇ ಇಳಿಸಿ. ಹೊಸ ಸ್ಟ್ಯಾಂಡಿನ ಕಾಲುಗಳು ಗೋಡೆಗೇ ಕೂತು, ಶೀಟಿನಾಚೆಗೆ ಬರುವಷ್ಟು ಉದ್ದವಿರಬೇಕು. ಶೀಟಿಗೆ ಯಾವ ಭಾರವೂ ಬೀಳಕೂಡದು. ಕಾಲು, ಕೊಳವೆ ಹೊರಬರುವ ತೂತು ಸೀಮಿನ ಮೇಲೆ ಬೀಳದೆ ಶೀಟಿನ ನಡುವೆ ಬರುವಂತೆ ಹಂಚಿಕೆ ನೋಡಿ, ತೂತಿಗೆ ಇಪಿಡಿಎಂ ಕಾಲರ್ ಕೊಡಿ. ಎಸಿಯಿಂದ ಹನಿಯುವ ನೀರನ್ನು ಪೈಪಿನಲ್ಲಿ ನೆಲಕ್ಕೇ ಬಿಡಿ. ತಾಮ್ರ ಮುಟ್ಟಿ ಬಂದ ನೀರು ಅಲ್ಯೂಮಿನಿಯಂ ಮೇಲೆ ಹರಿದರೆ ಸೂಜಿತೂತು ಬೀಳುತ್ತವೆ.

ಪ್ಯಾರಾಪೆಟ್ ಮೇಲಿನ ಮುಚ್ಚಿಗೆ ತಾರಸಿಯ ಕಡೆ ಇಳಿಜಾರಾಗಿರಲಿ; ಹೊರಕ್ಕೆ ಇಳಿದರೆ ಮಸಿಗೆರೆಗಳೆಲ್ಲ ಹೊಸ ಶೀಟಿನ ಮೇಲೆ. ಅದರ ಹೊರತುಟಿ ಶೀಟನ್ನು ಕನಿಷ್ಠ 75 ಮಿ.ಮೀ. ಮರೆಮಾಡಿ, ಮುಖದಿಂದ 20 ಮಿ.ಮೀ. ದೂರ ನಿಲ್ಲಲಿ. ಹಿಂದಿನ ಗಾಳಿ ಹೊರಹೋಗುವುದು ಅಲ್ಲಿಂದಲೇ, ಅದಕ್ಕೂ ಜಾಲರಿ ಬೇಕು.

ಕೆಲಸ ಜನವರಿಯಲ್ಲಿ ಹಿಡಿದು ಏಪ್ರಿಲ್ ಒಳಗೆ ಮುಗಿಸಿ. ಮುಗಿದ ಮೇಲೆ ತೋಟದ ಪೈಪ್ ಹಿಡಿದು ಕಿಟಕಿಗಳಿಗೆ ನೀರು ಬಿಟ್ಟು ನೋಡಿ: ಮೊದಲು ಸಿಲ್, ಐದು ನಿಮಿಷ ಬಿಟ್ಟು ಬದಿ, ಆಮೇಲೆ ಸಜ್ಜಾ. ಕೆಳಗಿಂದ ಮೇಲಕ್ಕೆ ಹೋದರೆ ಸೋರಿದ್ದು ಎಲ್ಲಿ ಎಂದು ಗೊತ್ತಾಗುತ್ತದೆ. ಮೇಲಿಂದ ಬಿಟ್ಟರೆ ಎಲ್ಲವೂ ಒದ್ದೆ. ಒಳಗೋಡೆಗೆ ಹೊಸ ಬಣ್ಣ ಹೊಡೆಸಲು ಅವಸರ ಬೇಡ, ಒಂದು ಮಳೆಗಾಲ ಕಳೆದು ಕಲ್ಲು ಒಣಗಲಿ. ಸಜ್ಜಾ ಕೆಳಗಿನ ಶೀಟುಗಳನ್ನು ಮಳೆ ತೊಳೆಯುವುದಿಲ್ಲ, ಉಪ್ಪು ಕೂರುವುದು ಅಲ್ಲೇ. ಬೇಸಿಗೆಯಲ್ಲಿ ಎರಡು ಸಲ ಸಿಹಿನೀರಿನಲ್ಲಿ ತೊಳೆಸಿ. ಮತ್ತೆ, ಅದೇ ಕಾಯಿಲಿನ ಮೂರು ಪಟ್ಟಿ ಹೆಚ್ಚಿಗೆ ತರಿಸಿ, ಒಣಜಾಗದಲ್ಲಿ ನಡುನಡುವೆ ಗಾಳಿಯಾಡುವಂತೆ ಓರೆಯಾಗಿ ನಿಲ್ಲಿಸಿಡಿ. ಐದು ವರ್ಷದ ನಂತರ ಒಂದು ಶೀಟು ಬದಲಿಸಬೇಕಾಗಿ ಬಂದರೆ ಅದೇ ಬ್ಯಾಚಿನ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.